ವನ್ಯಜೀವಿ ಛಾಯಾಚಿತ್ರ: ತೆಗೆಯುವ ಬಗೆ, ತಿದ್ದುವ ಮಿತಿ

ಶಾಲಾ ಪ್ರವಾಸದಿಂದ ಹಿಂತಿರುಗಿದ ವಿದ್ಯಾರ್ಥಿಗಳು ಒಂದು ಕಾಲಕ್ಕೆ ಪ್ರವಾಸ ಕಥನವೊಂದನ್ನು ಬರೆದು ಅಧ್ಯಾಪಕರಿಗೆ ಒಪ್ಪಿಸುತ್ತಿದ್ದರು. ಇಂದು ಅವರು ಒಪ್ಪಿಸುವುದು ಛಾಯಾಚಿತ್ರಗಳನ್ನು. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯಕ್ಕೋ ಗದಗ ಜಿಲ್ಲೆಯ ಮಾಗಡಿ ಕೆರೆಗೋ ಹೋಗಿಬಂದ ಒಂದು ತಂಡದ ಬಳಿ ಸಾವಿರಾರು ಚಿತ್ರಗಳಿದ್ದರೂ ಆಶ್ಚರ್ಯವಿಲ್ಲ. ಇದು ಸಂತೋಷದ ಸಂಗತಿಯೇ ಸರಿ. ಆದರೆ ಅವುಗಳಲ್ಲಿ ಶಾಲೆಯ ಗೋಡೆಗೆ ತೂಗುಹಾಕಲು ಯೋಗ್ಯವಾದವನ್ನು ಆರಿಸಹೊರಟರೆ ಬೆರಳೆಣಿಕೆಯಷ್ಟೂ ಸಿಗುವುದು ಕಷ್ಟ. ಮಿಕ್ಕವನ್ನು ಗಣಕಯಂತ್ರದ ಮುಂದೆ ಕುಳಿತು ಸರಿಪಡಿಸಬಹುದೆಂಬ ನಂಬಿಕೆ ವಿದ್ಯಾರ್ಥಿಗಳಲ್ಲಿ ಬಲವಾಗಿದೆ. ಕೆಲವು ಅಧ್ಯಾಪಕರೂ ಹಾಗೆಯೇ ನಂಬಿದ್ದಾರೆ. ಈ ನಂಬಿಕೆಯಲ್ಲಿ ಅರ್ಧ ಸತ್ಯವಿದೆ, ಮತ್ತೊಂದು ಅರ್ಧದಲ್ಲಿ ಅಪಾಯವಿದೆ. ಎರಡನ್ನೂ ಒಂದೇ ಪ್ರಾಣಿಯ ಒಂದೇ ಚಿತ್ರವನ್ನು ಆಧಾರವಾಗಿಟ್ಟುಕೊಂಡು ವಿವೇಚಿಸುವುದು ಈ ಪಾಠದ ಉದ್ದೇಶ.

ಚಿತ್ರವು ಇಂತಹುದೆಂದು ಭಾವಿಸತಕ್ಕದ್ದು. ಜನವರಿ ತಿಂಗಳ ಒಂದು ಬೆಳಿಗ್ಗೆ; ಹಾವೇರಿ ಜಿಲ್ಲೆಯಲ್ಲಿ 1974ರಲ್ಲಿ ರಚಿತವಾದ, 119 ಚದರ ಕಿಲೋಮೀಟರ್ ವಿಸ್ತಾರದ ರಾಣೆಬೆನ್ನೂರು ಅಭಯಾರಣ್ಯ; ಒಣಗಿ ಹೊಂಬಣ್ಣಕ್ಕೆ ತಿರುಗಿದ ಹುಲ್ಲು; ಅದರ ನಡುವೆ ತಲೆಯೆತ್ತಿ ನಿಂತ ಒಂದು ಗಂಡು ಕೃಷ್ಣಮೃಗ; ಹಿನ್ನೆಲೆಯಲ್ಲಿ ನೀಲಗಿರಿ ಮರಗಳ ಸಾಲು. ಅಭಯಾರಣ್ಯವನ್ನು ಛಾಯಾಗ್ರಹಣಕ್ಕಾಗಿ ಪ್ರವೇಶಿಸಲು 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ 28ನೆಯ ಪ್ರಕರಣದಂತೆ ಅನುಮತಿ ಪಡೆಯಬೇಕಾಗುತ್ತದೆ. ಆ ಕಾಗದಪತ್ರವನ್ನು ಪಡೆದೇ ತಂಡವು ಹೋಗಿದೆಯೆಂದು ಇಟ್ಟುಕೊಂಡರೆ ಮುಂದಿನ ಮಾತು ಸುಗಮವಾಗುತ್ತದೆ.

ಮೊದಲಿಗೆ, ಗಣಕಯಂತ್ರವು ಎಂದಿಗೂ ಸರಿಪಡಿಸಲಾರದ ದೋಷಗಳು ಯಾವುವೆಂದು ತಿಳಿಯಬೇಕು. ಅವೆಲ್ಲವೂ ಬಯಲಿನಲ್ಲಿಯೇ ಹುಟ್ಟುವಂಥವು. ಕೃಷ್ಣಮೃಗವು ಪ್ರಾಣಭಯದಿಂದ ಓಡುವಾಗ ಗಂಟೆಗೆ 80 ಕಿಲೋಮೀಟರ್ ವೇಗವನ್ನು ಮುಟ್ಟಬಲ್ಲದು. ಅಂದರೆ ಸೆಕೆಂಡಿಗೆ ಸುಮಾರು 22 ಮೀಟರ್. ಕ್ಯಾಮರಾದ ಶಟರು ಸೆಕೆಂಡಿನ 250ನೆಯ ಒಂದು ಭಾಗದಷ್ಟು ಕಾಲ ತೆರೆದಿದ್ದರೆ ಅಷ್ಟರಲ್ಲಿ ಪ್ರಾಣಿಯು 9 ಸೆಂಟಿಮೀಟರ್ ಮುಂದೆ ಸರಿದಿರುತ್ತದೆ. ಚಿತ್ರದಲ್ಲಿ ಅದರ ಮುಖ ಕದಡಿದ ನೀರಿನಲ್ಲಿ ಕಂಡಂತೆ ಕಾಣುವುದರಲ್ಲಿ ಸೋಜಿಗವೇನಿದೆ? ಶಟರನ್ನು ಸೆಕೆಂಡಿನ 2000ನೆಯ ಒಂದು ಭಾಗಕ್ಕೆ ಇಳಿಸಿದರೆ ಸರಿಯುವಿಕೆ ಒಂದು ಸೆಂಟಿಮೀಟರಿಗೆ ಬರುತ್ತದೆ. ನಿಂತ ಪ್ರಾಣಿಗೆ ಇಷ್ಟು ವೇಗ ಬೇಕಿಲ್ಲ. ಆದರೆ 400 ಮಿಲಿಮೀಟರಿನ ದೂರಮಸೂರವನ್ನು ಕೈಯಲ್ಲಿ ಹಿಡಿದವನು 400ನೆಯ ಒಂದು ಭಾಗಕ್ಕಿಂತ ನಿಧಾನಕ್ಕೆ ಇಳಿಯದಿರುವುದು ಲೇಸು. ಈಗಿನ ಮಸೂರಗಳಲ್ಲಿ ಕೈನಡುಕವನ್ನು ತಡೆಯುವ ಏರ್ಪಾಡು ಇದೆಯೆಂದು ಕೆಲವರು ಧೈರ್ಯ ತಾಳುತ್ತಾರೆ. ಆ ಏರ್ಪಾಡು ತಡೆಯುವುದು ತೆಗೆಯುವವನ ಕೈಯ ಚಲನೆಯನ್ನೇ ಹೊರತು ಜಿಂಕೆಯ ಕಿವಿಯ ಚಲನೆಯನ್ನಲ್ಲ.

ಎರಡನೆಯದು ನಾಭೀಕರಣ, ರೂಢಿಯ ಮಾತಿನಲ್ಲಿ ಫೋಕಸ್. ಪ್ರಾಣಿಚಿತ್ರದಲ್ಲಿ ಕಣ್ಣು ಸ್ಪಷ್ಟವಾಗಿದ್ದರೆ ಉಳಿದ ಅಸ್ಪಷ್ಟತೆಯನ್ನು ನೋಡುಗನು ಕ್ಷಮಿಸುತ್ತಾನೆ. ಕಣ್ಣು ಮಸುಕಾಗಿದ್ದರೆ ಬೇರೆ ಏನೇ ಸೊಗಸಾಗಿದ್ದರೂ ಕ್ಷಮಿಸುವುದಿಲ್ಲ. 35 ಮಿಲಿಮೀಟರ್ ಫಿಲ್ಮಿನಷ್ಟು ಅಗಲದ ಸಂವೇದಕವುಳ್ಳ ಕ್ಯಾಮರಾಕ್ಕೆ 400 ಮಿಲಿಮೀಟರ್ ಮಸೂರವನ್ನು ಜೋಡಿಸಿ, ಅದರ ರಂಧ್ರವನ್ನು ಎಫ್ 5.6ರಲ್ಲಿಟ್ಟು 40 ಮೀಟರ್ ದೂರದ ಜಿಂಕೆಯನ್ನು ತೆಗೆದರೆ ಸ್ಪಷ್ಟವಾಗಿ ಕಾಣುವ ಆಳ ಸುಮಾರು ಮೂರೂಕಾಲು ಮೀಟರ್. ಅದೇ ಮಸೂರದಿಂದ 15 ಮೀಟರ್ ದೂರದ ಹಕ್ಕಿಯನ್ನು ತೆಗೆದಾಗ ಆ ಆಳ ಅರ್ಧ ಮೀಟರಿಗೂ ಕಡಿಮೆಯಾಗುತ್ತದೆ. ಆದ್ದರಿಂದಲೇ ಮಾಗಡಿ ಕೆರೆಯ ಪಟ್ಟೆತಲೆ ಹೆಬ್ಬಾತುಗಳ ಚಿತ್ರಗಳಲ್ಲಿ ಎಷ್ಟೋ ವೇಳೆ ಮುಂದಿನ ಹಕ್ಕಿಯ ರೆಕ್ಕೆ ಸ್ಪಷ್ಟವಾಗಿದ್ದು, ತಲೆಯ ಮೇಲಿನ ಎರಡು ಕಪ್ಪು ಪಟ್ಟೆಗಳು ಕಲಸಿಹೋಗಿರುತ್ತವೆ. ಕ್ಯಾಮರಾವನ್ನು ಹಕ್ಕಿಯ ಮೈಗಲ್ಲ, ಕಣ್ಣಿಗೆ ಗುರಿಯಿಡಬೇಕೆಂಬುದನ್ನು ಅಭ್ಯಾಸಿಯು ಮೊದಲ ದಿನವೇ ಕಲಿಯಬೇಕು.

ಮೂರನೆಯ ದೋಷವನ್ನು ಕುರಿತು ಪುಸ್ತಕಗಳು ಹೆಚ್ಚು ಹೇಳುವುದಿಲ್ಲ, ಬಯಲುಸೀಮೆಯವರು ಮಾತ್ರ ಚೆನ್ನಾಗಿ ಬಲ್ಲರು. ಹೊತ್ತೇರಿದಂತೆ ಎರೆನೆಲವೂ ಹುಲ್ಲುಗಾವಲೂ ಕಾದು, ನೆಲಕ್ಕೆ ಹತ್ತಿದ ಗಾಳಿ ಅಲೆಯಲೆಯಾಗಿ ಮೇಲೇಳುತ್ತದೆ. ದೂರಮಸೂರವು ಜಿಂಕೆಯನ್ನು ಹತ್ತಿರ ತರುವಂತೆ ಈ ಬಿಸಿಗಾಳಿಯ ತೆರೆಯನ್ನೂ ಹಿಗ್ಗಿಸಿ ತೋರಿಸುತ್ತದೆ. ಹತ್ತು ಗಂಟೆಯ ಮೇಲೆ ತೆಗೆದ ಚಿತ್ರದಲ್ಲಿ ಫೋಕಸ್ ಸರಿಯಿದ್ದೂ, ಶಟರು ವೇಗವಾಗಿದ್ದೂ ಕೊಂಬಿನ ಅಂಚು ಅಲುಗಿದಂತೆ ಕಾಣುವುದಕ್ಕೆ ಇದೇ ಕಾರಣ. ಮಸೂರವನ್ನು ದೂರಿ ಇನ್ನೂ ಬೆಲೆಬಾಳುವ ಮಸೂರಕ್ಕಾಗಿ ದಾನಿಗಳ ಮುಂದೆ ಕೈಯೊಡ್ಡುವ ಮೊದಲು ಗಡಿಯಾರವನ್ನು ನೋಡಿಕೊಳ್ಳುವುದು ವಿವೇಕ. ಸೂರ್ಯೋದಯದಿಂದ ಎರಡು ಗಂಟೆಯವರೆಗಿನ ಅವಧಿಯಲ್ಲಿ ಬೆಳಕು ತಗ್ಗಿನಿಂದ ಬರುತ್ತದೆ, ಪ್ರಾಣಿಯ ಕಣ್ಣಿನಲ್ಲಿ ಒಂದು ಮಿಂಚು ಮೂಡುತ್ತದೆ, ಗಾಳಿ ತಣ್ಣಗಿರುತ್ತದೆ. ಆ ಕಣ್ಮಿಂಚು ಸಣ್ಣ ಸಂಗತಿಯಲ್ಲ. ಗಂಡು ಕೃಷ್ಣಮೃಗದ ಕಪ್ಪು ಮುಖದಲ್ಲಿ, ಬಿಳಿಯ ಬಳೆಯ ನಡುವೆ ಕಣ್ಣೂ ಕಪ್ಪಾಗಿರುತ್ತದೆ. ಮಿಂಚಿಲ್ಲದಿದ್ದರೆ ಆ ಕಣ್ಣು ಚಿತ್ರದಲ್ಲಿ ಒಂದು ತೂತಿನಂತೆ ತೋರುವುದು.

ಎತ್ತರದ ವಿಚಾರವೂ ಇಲ್ಲಿಯೇ ಬರುತ್ತದೆ. ನಿಂತು ತೆಗೆದ ಚಿತ್ರದಲ್ಲಿ ಜಿಂಕೆಯ ಹಿಂದೆ ಹುಲ್ಲೇ ಹುಲ್ಲು. ನೆಲಕ್ಕೆ ಕುಳಿತು ಅದರ ಕಣ್ಣಿನ ಮಟ್ಟದಿಂದ ತೆಗೆದುದರಲ್ಲಿ ಹಿನ್ನೆಲೆ ದೂರ ಸರಿದು ಮೃದುವಾಗುತ್ತದೆ, ಪ್ರಾಣಿ ಎದ್ದು ನಿಲ್ಲುತ್ತದೆ. ಇದಕ್ಕೆ ಹಣ ಬೇಡ, ಮಂಡಿಯೂರಲು ಮನಸ್ಸು ಬೇಕು. ಹತ್ತಿರ ಹೋಗುವ ಆತುರವನ್ನಂತೂ ಬಿಡಲೇಬೇಕು. ಮೇಯುತ್ತಿದ್ದ ಪ್ರಾಣಿ ತಲೆಯೆತ್ತಿ ನೋಡಿತೆಂದರೆ ಅಲ್ಲಿಗೇ ನಿಲ್ಲಬೇಕೆಂಬ ಸೂಚನೆ ಅದು. ಮುಂದಿನ ಹೆಜ್ಜೆಗೆ ಅದು ಓಡುವುದು, ಜೊತೆಗೆ ಹಿಂಡೂ ಓಡುವುದು. ಮಾಗಡಿಯಂತಹ ಕೆರೆಗಳಲ್ಲಿ ಹಾರುವ ಹಕ್ಕಿಯ ಚಿತ್ರಕ್ಕಾಗಿ ಚಪ್ಪಾಳೆ ತಟ್ಟುವವರು, ಕಲ್ಲೆಸೆಯುವವರು ಇಲ್ಲದಿಲ್ಲ. ಹಿಮಾಲಯವನ್ನು ದಾಟಿ ಬಂದು, ಸುತ್ತಲ ಹೊಲಗಳಲ್ಲಿ ಮೇಯ್ದು ವಿಶ್ರಾಂತಿಗಾಗಿ ನೀರಿಗಿಳಿದ ಹಕ್ಕಿಯನ್ನು ಒಂದು ಚಿತ್ರದ ಆಸೆಗೆ ಎಬ್ಬಿಸುವವನ ಕೈಯಿಂದ ಕ್ಯಾಮರಾವನ್ನು ಅಧ್ಯಾಪಕರು ಆ ಕ್ಷಣವೇ ಹಿಂದಕ್ಕೆ ಪಡೆಯತಕ್ಕದ್ದು. ಈ ಕೆರೆಗೆ 2024ರಲ್ಲಿ ರಾಮ್ಸಾರ್ ತಾಣವೆಂಬ ಅಂತರರಾಷ್ಟ್ರೀಯ ಮಾನ್ಯತೆ ದೊರೆತಿದೆ; ಆ ಮಾನ್ಯತೆ ಬರುವ ಮೊದಲೂ ಹಕ್ಕಿಯ ನಿದ್ದೆ ಹಕ್ಕಿಯದೇ ಆಗಿತ್ತು.

ಇನ್ನು ಬೆಳಕಿನ ಪ್ರಮಾಣದ ವಿಷಯ. ತಂತ್ರದ ತಿರುಳು ಇಲ್ಲಿರುವುದರಿಂದ ಸ್ವಲ್ಪ ಸಾವಧಾನವಾಗಿ ನೋಡುವುದು ಉಚಿತ. ಕ್ಯಾಮರಾದೊಳಗಿನ ಬೆಳಕಿನ ಮಾಪಕವು ಒಂದು ಮೂಢನಂಬಿಕೆಯನ್ನು ಇಟ್ಟುಕೊಂಡಿದೆ. ತನ್ನ ಮುಂದಿರುವ ದೃಶ್ಯವೆಲ್ಲವೂ ಸರಾಸರಿಯಲ್ಲಿ ಬೂದುಬಣ್ಣದ್ದು, ಬಿದ್ದ ಬೆಳಕಿನಲ್ಲಿ ಪ್ರತಿಶತ 18ರಷ್ಟನ್ನು ಹಿಂದಿರುಗಿಸುವಂಥದ್ದು ಎಂಬುದೇ ಆ ನಂಬಿಕೆ. ಇದನ್ನು ತರಗತಿಯಲ್ಲಿಯೇ ಪರೀಕ್ಷಿಸಬಹುದು. ಕರಿಹಲಗೆಯೊಂದೇ ಚೌಕಟ್ಟು ತುಂಬುವಂತೆ ಒಂದು ಚಿತ್ರ, ಸುಣ್ಣ ಬಳಿದ ಗೋಡೆಯೊಂದೇ ತುಂಬುವಂತೆ ಮತ್ತೊಂದು ಚಿತ್ರ ತೆಗೆದು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಎರಡೂ ಹೆಚ್ಚುಕಡಿಮೆ ಒಂದೇ ಬೂದುಬಣ್ಣಕ್ಕೆ ಬಂದಿರುತ್ತವೆ. ಕಪ್ಪನ್ನು ಬೆಳ್ಳಗೆ ಮಾಡಲು ಯಂತ್ರವು ಹೆಚ್ಚು ಬೆಳಕನ್ನು ಒಳಬಿಟ್ಟಿತು. ಬಿಳುಪನ್ನು ಮಬ್ಬಾಗಿಸಲು ಬೆಳಕನ್ನು ಕಡಿಮೆ ಮಾಡಿತು. ಕೊಕ್ಕರೆ, ಬೆಳ್ಳಕ್ಕಿಗಳನ್ನು ಚೌಕಟ್ಟು ತುಂಬ ತೆಗೆಯುವಾಗ ಮಾಪಕ ಹೇಳಿದುದಕ್ಕಿಂತ ಹೆಚ್ಚು ಬೆಳಕನ್ನೂ, ಕಾಗೆಯನ್ನು ತೆಗೆಯುವಾಗ ಕಡಿಮೆ ಬೆಳಕನ್ನೂ ಕೊಡಬೇಕೆಂಬ ಹಳೆಯ ಸೂತ್ರದ ಮೂಲ ಇದೇ.

ಕೃಷ್ಣಮೃಗದ ತೊಡಕು ಏನೆಂದರೆ ಅದು ಕಾಗೆಯೂ ಹೌದು, ಕೊಕ್ಕರೆಯೂ ಹೌದು. ಬೆನ್ನು, ಕತ್ತು ಕಪ್ಪು. ಹೊಟ್ಟೆ, ಕಾಲಿನ ಒಳಮೈ, ಕಣ್ಣಿನ ಬಳೆ ಅಚ್ಚ ಬಿಳುಪು. ಬೆನ್ನನ್ನು ಅಳೆದು ಚಿತ್ರ ತೆಗೆದರೆ ಹೊಟ್ಟೆಯ ರೋಮವೆಲ್ಲ ಸುಟ್ಟ ಕಾಗದದಂತೆ ಬರಿಯ ಬಿಳಿಯ ಕಲೆಯಾಗುತ್ತದೆ. ಹೊಟ್ಟೆಯನ್ನು ಅಳೆದರೆ ಬೆನ್ನು ಇದ್ದಿಲು. ಇಡೀ ದೃಶ್ಯವನ್ನು ಅಳೆದರೋ, ಒಣಹುಲ್ಲು ತಿಳಿಬಣ್ಣದ್ದಾದ್ದರಿಂದ ಯಂತ್ರವು ಅದನ್ನು ಮಬ್ಬುಗೊಳಿಸಿ ಜಿಂಕೆಯನ್ನು ಇನ್ನಷ್ಟು ಕತ್ತಲಿಗೆ ದೂಡುವುದು. ಹಾಗಾದರೆ ದಾರಿ ಯಾವುದು? ಬಿಳಿಯ ಭಾಗವನ್ನು ಕಾಪಾಡಿಕೊಂಡು, ಅದು ಸುಡದ ಹಾಗೆ ಕೊಡಬಹುದಾದಷ್ಟು ಬೆಳಕನ್ನೂ ಕೊಡುವುದೇ ದಾರಿ. ಕ್ಯಾಮರಾದ ಹಿಂಬದಿಯಲ್ಲಿ ತೋರುವ ಹಿಸ್ಟೋಗ್ರಾಮ್ ಎಂಬ ಗುಡ್ಡದಾಕಾರದ ನಕ್ಷೆಯು ಬಲಗೋಡೆಗೆ ಸಮೀಪಿಸಬೇಕು, ಗೋಡೆಯನ್ನು ಏರಬಾರದು. ಕಾರಣ ಸರಳ: ಸುಟ್ಟ ಬಿಳುಪಿನಲ್ಲಿ ಯಾವ ಮಾಹಿತಿಯೂ ದಾಖಲಾಗಿರುವುದಿಲ್ಲ, ಯಾವ ಗಣಕಯಂತ್ರವೂ ಅದನ್ನು ಮರಳಿ ತರಲಾರದು. ಕಪ್ಪಿನಲ್ಲಿ ಮಾತ್ರ ಇನ್ನೂ ಏನೋ ಉಳಿದಿರುತ್ತದೆ. ಆದರೆ ಅಲ್ಲಿಗೆ ತಲುಪಿದ ಬೆಳಕೇ ಅಲ್ಪವಾದ್ದರಿಂದ, ಎತ್ತಿ ತೋರಿಸಹೋದಾಗ ರವೆ ಚೆಲ್ಲಿದಂತಹ ಕಾಳುಕಾಳು ಕಾಣಿಸಿಕೊಳ್ಳುತ್ತದೆ. ಹಿಂದೆ ವರ್ಣಸ್ಲೈಡುಗಳನ್ನು ಬಳಸುತ್ತಿದ್ದವರು ಬಿಳುಪನ್ನು ನೋಡಿಕೊಂಡು ಬೆಳಕು ಕೊಡುತ್ತಿದ್ದರು, ನೆಗೆಟಿವ್ ಬಳಸುತ್ತಿದ್ದವರು ನೆರಳನ್ನು ನೋಡಿಕೊಂಡು ಕೊಡುತ್ತಿದ್ದರು. ಇಂದಿನ ಸಂವೇದಕವು ಈ ವಿಷಯದಲ್ಲಿ ಸ್ಲೈಡಿನ ಜಾತಿಗೆ ಸೇರಿದ್ದು.

ಈ ಕಾರಣದಿಂದಲೇ ಚಿತ್ರವನ್ನು ‘ರಾ’ ಎಂಬ ಕಚ್ಚಾ ರೂಪದಲ್ಲಿ ದಾಖಲಿಸುವುದು ಅಗತ್ಯ. ಸಾಮಾನ್ಯವಾದ ಜೆಪೆಗ್ ಕಡತದಲ್ಲಿ ಪ್ರತಿಯೊಂದು ಮೂಲವರ್ಣಕ್ಕೆ 256 ಮೆಟ್ಟಿಲುಗಳಷ್ಟೇ ಇರುತ್ತವೆ. 14 ಬಿಟ್ಟಿನ ಕಚ್ಚಾ ಕಡತದಲ್ಲಿ 16,384 ಮೆಟ್ಟಿಲುಗಳು. ಕಪ್ಪು ಬೆನ್ನಿನೊಳಗಿನ ರೋಮದ ತಿರುವು ಕಾಣಬೇಕಾದರೆ ಈ ಮೆಟ್ಟಿಲುಗಳು ಬೇಕು. ಕಚ್ಚಾ ಕಡತಕ್ಕೆ ಜಾಗ ಹೆಚ್ಚು ಬೇಕಾಗುತ್ತದೆ ಎಂಬ ಆಕ್ಷೇಪ ನಿಜವಾದರೂ ಸಂಗ್ರಹದ ವೆಚ್ಚ ವರ್ಷದಿಂದ ವರ್ಷಕ್ಕೆ ಇಳಿಯುತ್ತಲೇ ಬಂದಿದೆ.

ಇಷ್ಟು ಕಷ್ಟವೇಕೆ ಎಂದು ಬೇಸರಗೊಳ್ಳುವ ವಿದ್ಯಾರ್ಥಿಗೆ ಹಿಂದಿನವರ ಕಷ್ಟವನ್ನು ನೆನಪಿಸಬಹುದು. ಸಂಯುಕ್ತ ಪ್ರಾಂತದಲ್ಲಿ ಅರಣ್ಯಾಧಿಕಾರಿಯಾಗಿದ್ದ ಎಫ್. ಡಬ್ಲ್ಯೂ. ಚಾಂಪಿಯನ್ ಅವರು ಕಾಡಿನ ಜಾಡಿಗೆ ಅಡ್ಡಲಾಗಿ ತಂತಿ ಕಟ್ಟಿ, ಹುಲಿಯೇ ಅದನ್ನು ಎಡವಿ ತನ್ನ ಚಿತ್ರವನ್ನು ತಾನೇ ತೆಗೆದುಕೊಳ್ಳುವಂತೆ ಮಾಡಿದರು. ಆ ಚಿತ್ರಗಳುಳ್ಳ ಅವರ ಗ್ರಂಥ 1927ರಲ್ಲಿ ಪ್ರಕಟವಾಯಿತು. ಕನ್ನಡ ನಾಡಿನಲ್ಲಿ ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್ ಅವರು ದಶಕಗಳ ಕಾಲ ಈ ಕಲೆಯನ್ನು ಸಾಧಿಸಿ, ಕಿರಿಯರಿಗೂ ಕಲಿಸಿ 2017ರಲ್ಲಿ ತೀರಿಕೊಂಡರು. 1972ರಿಂದ 1977ರವರೆಗೆ ರಾಜ್ಯದ ಅರ್ಥಸಚಿವರಾಗಿದ್ದ ಸಂಡೂರಿನ ಎಂ. ವೈ. ಘೋರ್ಪಡೆಯವರು ಆಡಳಿತದ ಹೊಣೆಯ ನಡುವೆಯೂ ಕಾಡಿಗೆ ಕ್ಯಾಮರಾ ಒಯ್ದವರು. ಅವರ ‘ಸನ್‌ಲೈಟ್ ಅಂಡ್ ಷಾಡೋಸ್’ 1983ರಲ್ಲಿ ಹೊರಬಂದಿತು. ಮೂಡಿಗೆರೆಯ ತೋಟದಲ್ಲಿ ಹಕ್ಕಿಗಳ ಹಿಂದೆ ಬಿದ್ದ ಪೂರ್ಣಚಂದ್ರ ತೇಜಸ್ವಿಯವರ ಹೆಸರನ್ನು ಕನ್ನಡದ ಓದುಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. 35 ಮಿಲಿಮೀಟರ್ ಫಿಲ್ಮಿನ ಒಂದು ಸುರುಳಿಯಲ್ಲಿ 36 ಚಿತ್ರಗಳು ಮಾತ್ರ. ಒತ್ತುವ ಮುನ್ನ ಯೋಚಿಸುವ ಶಿಕ್ಷಣವನ್ನು ಆ ಸುರುಳಿಯೇ ಕೊಡುತ್ತಿತ್ತು. ಈಗ ಆ ಶಿಕ್ಷಣವನ್ನು ಅಧ್ಯಾಪಕರು ಕೊಡಬೇಕಾಗಿ ಬಂದಿದೆ.

ಬಯಲಿನಿಂದ ಮೇಜಿಗೆ ಬಂದ ಮೇಲೆ ಮೊದಲ ಕೆಲಸ ಆಯ್ಕೆ. ಒಂದೇ ಜಿಂಕೆಯ 200 ಚಿತ್ರಗಳಲ್ಲಿ 190ನ್ನು ಬದಿಗಿಡುವ ಧೈರ್ಯ ಬಾರದವನಿಗೆ ಉಳಿದ ತಂತ್ರಗಳೆಲ್ಲ ವ್ಯರ್ಥ. ಕಣ್ಣು ಸ್ಪಷ್ಟವಿದೆಯೇ, ಕಿವಿ ಕೊಂಬುಗಳು ತುಂಡಾಗದೆ ಚೌಕಟ್ಟಿನೊಳಗಿವೆಯೇ, ಪ್ರಾಣಿ ಏನನ್ನಾದರೂ ಮಾಡುತ್ತಿದೆಯೇ ಅಥವಾ ಸುಮ್ಮನೆ ಹೆದರಿ ನಿಂತಿದೆಯೇ ಎಂದು ಕೇಳಿಕೊಂಡರೆ ಆಯ್ಕೆ ಬೇಗ ಮುಗಿಯುತ್ತದೆ.

ಅನಂತರ ಚೌಕಟ್ಟು. ದಿಗಂತ ಓರೆಯಾಗಿದ್ದರೆ ನೆಟ್ಟಗೆ ಮಾಡಬೇಕು. ಪ್ರಾಣಿ ನೋಡುತ್ತಿರುವ ಕಡೆಗೆ ಹೆಚ್ಚು ಜಾಗ ಬಿಡುವುದು ವಾಡಿಕೆ, ಆ ವಾಡಿಕೆಗೆ ಅರ್ಥವೂ ಇದೆ: ಜಿಂಕೆಯ ನೋಟ ಹೋಗಲು ಎಡೆಯಿಲ್ಲದ ಚಿತ್ರದಲ್ಲಿ ಅದು ದೊಡ್ಡಿಯಲ್ಲಿ ನಿಂತಂತೆ ಕಾಣುತ್ತದೆ. ಕತ್ತರಿಸುವುದಕ್ಕೂ ಒಂದು ಲೆಕ್ಕವಿದೆ. 24 ಮೆಗಾಪಿಕ್ಸೆಲ್ ಚಿತ್ರವೆಂದರೆ ಅಗಲಕ್ಕೆ 6000, ಎತ್ತರಕ್ಕೆ 4000 ಬಿಂದುಗಳು. ಎರಡು ಕಡೆಯೂ ಅರ್ಧಕ್ಕೆ ಕತ್ತರಿಸಿದರೆ ಉಳಿಯುವುದು ಅರ್ಧವಲ್ಲ, ಕಾಲುಭಾಗ. 3000ಕ್ಕೆ 2000, ಅಂದರೆ 6 ಮೆಗಾಪಿಕ್ಸೆಲ್. ಅಂಗುಲಕ್ಕೆ 300 ಬಿಂದುಗಳಂತೆ ಮುದ್ರಿಸಿದರೆ 10 ಅಂಗುಲ ಅಗಲ ಬರುತ್ತದೆ. ಸ್ಮರಣ ಸಂಚಿಕೆಯ ಒಂದು ಪುಟಕ್ಕೆ ಸಾಕು. ಮೂರನೆಯ ಒಂದು ಭಾಗಕ್ಕೆ ಕತ್ತರಿಸಿದರೆ ಏಳು ಅಂಗುಲವೂ ಇಲ್ಲ. ದೂರದ ಚುಕ್ಕೆಯಂತಹ ಜಿಂಕೆಯನ್ನು ಕತ್ತರಿಸಿ ಹತ್ತಿರ ತರುವುದಕ್ಕಿಂತ, ಅದನ್ನು ವಿಶಾಲವಾದ ಹುಲ್ಲುಗಾವಲಿನಲ್ಲಿ ಚಿಕ್ಕದಾಗಿಯೇ ಬಿಡುವುದು ಅನೇಕ ವೇಳೆ ಉತ್ತಮ. ಪ್ರಾಣಿಯೊಂದಿಗೆ ಅದರ ಮನೆಯೂ ಕಾಣುತ್ತದೆ.

ಬೆಳಕನ್ನು ತಿದ್ದುವಾಗ ಕತ್ತಲೆಕೋಣೆಯ ಕಾಲದ ಎರಡು ಕ್ರಿಯೆಗಳೇ ಈಗಲೂ ಮುಖ್ಯ: ಕಾಗದದ ಒಂದು ಭಾಗಕ್ಕೆ ಕೈಯಡ್ಡವಿಟ್ಟು ತಿಳಿಗೊಳಿಸುವುದು, ಮತ್ತೊಂದು ಭಾಗಕ್ಕೆ ಹೆಚ್ಚು ಬೆಳಕು ಹಾಯಿಸಿ ಗಾಢಗೊಳಿಸುವುದು. ಬೆನ್ನಿನ ನೆರಳನ್ನು ಸ್ವಲ್ಪ ಎತ್ತಬೇಕು, ಕಣ್ಣಿನ ಸುತ್ತ ಇನ್ನು ಸ್ವಲ್ಪ. ಹೊಟ್ಟೆಯ ಬಿಳುಪನ್ನು ಒಂದು ಎಳೆಯಷ್ಟು ತಗ್ಗಿಸಬೇಕು. ಬೆನ್ನನ್ನು ಎತ್ತುತ್ತ ಹೋದಂತೆ ಅದು ಬೂದಿಯಾಗುವ ಒಂದು ಘಟ್ಟ ಬರುತ್ತದೆ. ಅಲ್ಲಿಂದ ಹಿಂದಕ್ಕೆ ಬಂದು ನಿಲ್ಲಬೇಕು. ಕೃಷ್ಣಮೃಗವೆಂಬ ಹೆಸರಿಗೆ ಮಾರುಹೋಗಿ ಕಂದುಬಣ್ಣದ ಗಂಡನ್ನು ಕಡುಗಪ್ಪಾಗಿಸುವವರೂ ಇದ್ದಾರೆ. ಗಂಡಿನ ಮೈಬಣ್ಣ ವಯಸ್ಸಿನೊಡನೆ ಗಾಢವಾಗುತ್ತದೆ, ವಸಂತದಲ್ಲಿ ರೋಮ ಉದುರಿದ ಮೇಲೆ ತಿಳಿಯಾಗುತ್ತದೆ. ಆ ಕಂದುಬಣ್ಣವನ್ನು ಬದಲಿಸಿದವನು ಪ್ರಾಣಿಯ ವಯಸ್ಸನ್ನೂ ಋತುವನ್ನೂ ಒಟ್ಟಿಗೆ ಅಳಿಸಿದಂತಾಯಿತು. ವಿಜ್ಞಾನದ ಅಧ್ಯಾಪಕರು ಆ ಚಿತ್ರವನ್ನು ಪಾಠಕ್ಕೆ ಬಳಸುವಂತಿಲ್ಲ.

ಬಣ್ಣದ ವಿಷಯದಲ್ಲಿ ಒಂದು ಎಚ್ಚರಿಕೆ ಸಾಕು. ಬೆಳಗಿನ ಹೊಂಬೆಳಕನ್ನು ಕ್ಯಾಮರಾದ ಸ್ವಯಂಚಾಲಿತ ವರ್ಣಸಮತೋಲನವು ದೋಷವೆಂದು ಬಗೆದು ತೊಳೆದುಹಾಕುವುದುಂಟು. ಅದನ್ನು ಮರಳಿಸುವುದು ನ್ಯಾಯ. ಅದಕ್ಕೂ ಮೀರಿ ವರ್ಣತೀವ್ರತೆಯನ್ನು ಏರಿಸಿದರೆ ಜನವರಿಯ ಹುಲ್ಲು ಶ್ರಾವಣದ ಹುಲ್ಲಾಗುತ್ತದೆ. ಕಾಳನ್ನು ತೆಗೆಯುವ ತಂತ್ರವನ್ನು ಹಿನ್ನೆಲೆಗೆ ಧಾರಾಳವಾಗಿಯೂ ರೋಮಕ್ಕೆ ಜಿಪುಣತನದಿಂದಲೂ ಬಳಸಬೇಕು, ಇಲ್ಲವಾದರೆ ಜಿಂಕೆ ಮೇಣದ ಬೊಂಬೆಯಂತಾಗುವುದು. ಅಂಚನ್ನು ಹರಿತಗೊಳಿಸುವ ಕೆಲಸ ಎಲ್ಲಕ್ಕೂ ಕೊನೆಯದು, ಮುದ್ರಣದ ಅಳತೆಗೆ ಚಿತ್ರವನ್ನು ತಂದ ಮೇಲೆ ಮಾಡತಕ್ಕದ್ದು. ಕೊಂಬಿನ ಸುತ್ತ ಬಿಳಿಯ ಗೆರೆಯೊಂದು ಪ್ರಭಾವಳಿಯಂತೆ ಕಾಣಿಸಿಕೊಂಡರೆ ಹರಿತ ಅತಿಯಾಯಿತೆಂದು ತಿಳಿಯಬೇಕು.

ಶಾಲೆಗಳ ಸಂಚಿಕೆಗಳಲ್ಲಿ ಚಿತ್ರಗಳು ಕಪ್ಪು ಮುದ್ದೆಯಾಗಿ ಅಚ್ಚಾಗುವುದಕ್ಕೆ ಮುದ್ರಕರನ್ನೇ ದೂರುವುದು ರೂಢಿ. ವಾಸ್ತವವಾಗಿ ಅಚ್ಚಿನಲ್ಲಿ ಚಿತ್ರವು ಸಣ್ಣ ಸಣ್ಣ ಚುಕ್ಕಿಗಳಾಗಿ ಒಡೆದು, ಮಸಿ ಕಾಗದದಲ್ಲಿ ಹರಡಿ, ಪ್ರತಿಯೊಂದು ಚುಕ್ಕಿಯೂ ತುಸು ದಪ್ಪವಾಗುತ್ತದೆ. ನಯವಿಲ್ಲದ ಕಾಗದದಲ್ಲಿ ಇನ್ನೂ ಹೆಚ್ಚು. ಬೆಳಕು ಚೆಲ್ಲುವ ಪರದೆಯ ಮೇಲೆ ಸರಿಯಾಗಿ ಕಂಡ ಕಪ್ಪು ಬೆನ್ನು ಕಾಗದದ ಮೇಲೆ ಮುಚ್ಚಿಹೋಗುವುದು ಹೀಗೆ. ಅಚ್ಚಿಗೆ ಕಳುಹಿಸುವ ಪ್ರತಿಯಲ್ಲಿ ನೆರಳನ್ನು ಕಣ್ಣಿಗೆ ಹಿತವೆನಿಸುವುದಕ್ಕಿಂತ ಸ್ವಲ್ಪ ಹೆಚ್ಚೇ ಎತ್ತಿ, ಸಾಧ್ಯವಾದರೆ ಒಂದು ಮಾದರಿ ಪುಟವನ್ನು ಅದೇ ಕಾಗದದ ಮೇಲೆ ತೆಗೆಸಿ ನೋಡುವುದು ಕ್ಷೇಮ.

ಇಲ್ಲಿಯವರೆಗೆ ಹೇಳಿದ ತಿದ್ದುಪಡಿಗಳೆಲ್ಲ ಚಿತ್ರದಲ್ಲಿ ಇದ್ದುದನ್ನು ಚೆನ್ನಾಗಿ ತೋರಿಸುವಂಥವು. ಇನ್ನು ಆ ನೀಲಗಿರಿ ಮರಗಳ ಸಾಲಿನ ವಿಚಾರಕ್ಕೆ ಬರಬೇಕು. ಚಿತ್ರವನ್ನು ನೋಡಿದ ಹತ್ತು ಮಂದಿಯಲ್ಲಿ ಒಂಬತ್ತು ಮಂದಿ, “ಮರಗಳು ಅಡ್ಡಿಯಾದವು, ತೆಗೆದುಬಿಟ್ಟರೆ ಚೆನ್ನು” ಎನ್ನುವರು. ಹಿಂದೆ ಅದು ಗಂಟೆಗಟ್ಟಲೆಯ ಕೆಲಸವಾಗಿತ್ತು. 2023ರಿಂದೀಚೆಗೆ ಫೋಟೋಶಾಪಿನಂತಹ ತಂತ್ರಾಂಶಗಳಲ್ಲಿ ಕೃತಕ ಬುದ್ಧಿಮತ್ತೆಯು ಸೇರಿಕೊಂಡು, ಮರಗಳ ಸುತ್ತ ಒಂದು ಗೆರೆ ಎಳೆದರೆ ಕ್ಷಣಾರ್ಧದಲ್ಲಿ ಅಲ್ಲಿ ಆಕಾಶವನ್ನೋ ಹುಲ್ಲನ್ನೋ ತುಂಬಿಕೊಡುತ್ತದೆ. ವಿದ್ಯಾರ್ಥಿಯ ಬೆರಳು ತುಡಿಯುವುದು ಸಹಜ.

ಆದರೆ ಆ ಮರಗಳು ಅಲ್ಲಿಗೆ ಬಂದ ಬಗೆಯನ್ನು ತಿಳಿದವರು ಹಾಗೆ ಮಾಡಲು ಒಪ್ಪಲಾರರು. ಕೃಷ್ಣಮೃಗವು ತೆರೆದ ಬಯಲಿನ ಪ್ರಾಣಿ. ದೂರದಿಂದ ಅಪಾಯವನ್ನು ಕಂಡು ಓಡಿ ಬದುಕುವುದು ಅದರ ಜೀವನಕ್ರಮ. ಅದಕ್ಕಾಗಿಯೇ ಮೀಸಲಾದ ಈ ಅಭಯಾರಣ್ಯದ ದೊಡ್ಡ ಪಾಲು ನೆಟ್ಟು ಬೆಳೆಸಿದ ನೀಲಗಿರಿಯಿಂದ ತುಂಬಿದೆ. ಹುಲ್ಲುಗಾವಲನ್ನು ಪಾಳುನೆಲವೆಂದು ಎಣಿಸಿ ಮರ ನೆಡುವುದೇ ಸತ್ಕಾರ್ಯವೆಂದು ನಂಬಿದ್ದ ಒಂದು ಕಾಲದ ದಾಖಲೆ ಅದು. ಒಂದು ಕಾಲಕ್ಕೆ ಇದೇ ಸೀಮೆಯಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್ ಎಂದು ಪಕ್ಷಿಶಾಸ್ತ್ರಜ್ಞರು ಕರೆಯುವ ಎರ್ಲಡ್ಡು ಹಕ್ಕಿಯೂ ಕಾಣಸಿಗುತ್ತಿತ್ತು. ಅದಕ್ಕೂ ಬೇಕಾದುದು ತೆರೆದ ಬಯಲೇ. ಹೀಗಿರುವಾಗ ಜಿಂಕೆಯ ಹಿಂದಿನ ನೀಲಗಿರಿಯನ್ನು ಅಳಿಸಿ ಅಪಾರವಾದ ಹುಲ್ಲುಗಾವಲನ್ನು ಬರೆದರೆ, ಚಿತ್ರ ಸುಂದರವಾಗುವುದರಲ್ಲಿ ಸಂಶಯವಿಲ್ಲ. ಅದನ್ನು ನೋಡಿದ ದಾನಿಯೊಬ್ಬರು, ಅಧಿಕಾರಿಯೊಬ್ಬರು, ಮುಂದಿನ ತಲೆಮಾರಿನ ವಿದ್ಯಾರ್ಥಿಯೊಬ್ಬ ಏನೆಂದು ತಿಳಿಯುವರು? ರಾಣೆಬೆನ್ನೂರಿನ ಜಿಂಕೆಗೆ ಬಯಲು ಯಥೇಷ್ಟವಾಗಿದೆ, ಮಾಡಬೇಕಾದುದು ಏನೂ ಉಳಿದಿಲ್ಲ ಎಂದು. ಚಿತ್ರದಲ್ಲಿ ಕುಂದೆಂದು ತೋರಿದ್ದೇ ಆ ಪ್ರಾಣಿಯ ಪರವಾದ ಸಾಕ್ಷ್ಯವಾಗಿತ್ತು. ಅಂದಗೊಳಿಸುವ ಭರದಲ್ಲಿ ಸಾಕ್ಷಿಯ ಬಾಯಿ ಮುಚ್ಚಿದಂತಾಯಿತು. ಮರಗಳು ನಿಜವಾಗಿ ಕಣ್ಣಿಗೆ ಚುಚ್ಚುತ್ತಿದ್ದರೆ ಹತ್ತು ಹೆಜ್ಜೆ ಎಡಕ್ಕೆ ಸರಿದು, ಮಂಡಿಯೂರಿ, ತೆರೆದ ಹಿನ್ನೆಲೆಯನ್ನು ಹುಡುಕಿಕೊಂಡು ಮತ್ತೊಂದು ಚಿತ್ರ ತೆಗೆಯಬಹುದು. ಅದು ಆಯ್ಕೆ. ಮೊದಲಿನದು ಸುಳ್ಳು. ಆಯ್ಕೆಯಿಂದಲೂ ನೋಡುಗನನ್ನು ದಾರಿತಪ್ಪಿಸಬಹುದೆಂಬ ವಾದವಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಆದ್ದರಿಂದಲೇ ಒಂದು ಚಿತ್ರದ ಜೊತೆಗೆ ಆ ಸ್ಥಳದ ವಿಶಾಲವಾದ ನೋಟವೊಂದನ್ನೂ ತೆಗೆದಿಡುವುದು ಒಳ್ಳೆಯ ಪದ್ಧತಿ.

ಈ ಪ್ರಶ್ನೆ ಹೊಸದಲ್ಲ. 1982ರ ಫೆಬ್ರವರಿಯಲ್ಲಿ ‘ನ್ಯಾಷನಲ್ ಜಿಯಾಗ್ರಫಿಕ್’ ಪತ್ರಿಕೆಯು ಅಡ್ಡಚಿತ್ರವೊಂದನ್ನು ಲಂಬವಾದ ಮುಖಪುಟಕ್ಕೆ ಹೊಂದಿಸಲು ಗೀಜಾದ ಪಿರಮಿಡ್ಡುಗಳನ್ನು ಗಣಕದ ನೆರವಿನಿಂದ ಹತ್ತಿರಕ್ಕೆ ಸರಿಸಿದ್ದು ದೊಡ್ಡ ವಿವಾದವಾಯಿತು. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ವನ್ಯಜೀವಿ ಛಾಯಾಚಿತ್ರ ಸ್ಪರ್ಧೆಯಲ್ಲಿ 2009ರ ಅಗ್ರ ಬಹುಮಾನ ಪಡೆದಿದ್ದ, ಬೇಲಿಯನ್ನು ಜಿಗಿಯುವ ತೋಳದ ಚಿತ್ರವನ್ನು, ಆ ತೋಳ ಪಳಗಿಸಿದ್ದಿರಬಹುದೆಂಬ ತೀರ್ಮಾನಕ್ಕೆ ಬಂದು 2010ರಲ್ಲಿ ಅನರ್ಹಗೊಳಿಸಲಾಯಿತು. ಅದೇ ಸ್ಪರ್ಧೆಯ 2017ರ ಬಹುಮಾನಿತ ಚಿತ್ರವೊಂದರಲ್ಲಿದ್ದ ಇರುವೆಭಕ್ಷಕ ಪ್ರಾಣಿಯು ಹುಲ್ಲುತುಂಬಿದ ಬೊಂಬೆಯೆಂದು ತಜ್ಞರು ನಿರ್ಣಯಿಸಿದ್ದರಿಂದ 2018ರಲ್ಲಿ ಬಹುಮಾನವನ್ನು ಹಿಂದಕ್ಕೆ ಪಡೆಯಲಾಯಿತು. ಈ ಎರಡು ಪ್ರಸಂಗಗಳಲ್ಲಿ ಗಣಕದ ಕೈವಾಡವೇ ಇರಲಿಲ್ಲವೆಂಬುದು ಗಮನಾರ್ಹ. ಸುಳ್ಳು ಬಯಲಿನಲ್ಲಿಯೂ ಹುಟ್ಟಬಲ್ಲದು. 2014ರಲ್ಲಿ ಅಂತರರಾಷ್ಟ್ರೀಯ ಛಾಯಾಗ್ರಹಣ ಒಕ್ಕೂಟವಾದ ಫಿಯಾಪ್, ಅಮೆರಿಕದ ಪಿಎಸ್‌ಎ ಮತ್ತು ಬ್ರಿಟನ್ನಿನ ರಾಯಲ್ ಫೋಟೋಗ್ರಾಫಿಕ್ ಸೊಸೈಟಿ ಕೂಡಿ ನಿಸರ್ಗ ಛಾಯಾಗ್ರಹಣಕ್ಕೆ ಒಂದೇ ವ್ಯಾಖ್ಯೆಯನ್ನು ಅಂಗೀಕರಿಸಿದವು. ಅದರ ಸಾರವಿಷ್ಟು: ಅಂಚನ್ನು ಕತ್ತರಿಸಬಹುದು, ಬೆಳಕು ಬಣ್ಣಗಳನ್ನು ಸಹಜವಾಗಿ ಕಾಣುವಂತೆ ತಿದ್ದಬಹುದು, ಇದ್ದುದನ್ನು ಅಳಿಸುವಂತಿಲ್ಲ,ಇಲ್ಲದುದನ್ನು ಸೇರಿಸುವಂತಿಲ್ಲ, ಇದ್ದುದರ ಜಾಗ ಬದಲಿಸುವಂತಿಲ್ಲ. ಶಾಲೆಯ ಪ್ರದರ್ಶನಕ್ಕೂ ಈ ನಿಯಮ ಸಾಕು, ಇದಕ್ಕಿಂತ ಹೆಚ್ಚಿನದು ಬೇಕಿಲ್ಲ.

ಪ್ರತಿಯೊಂದು ಚಿತ್ರಕ್ಕೂ ಒಂದು ದಾಖಲೆ ಇರುವುದು ಅವಶ್ಯ. ದಪ್ಪನೆಯ ಒಂದು ವಹಿಯನ್ನಿಟ್ಟು, ತೆಗೆದ ದಿನಾಂಕ, ಹೊತ್ತು, ಸ್ಥಳ, ಪ್ರಾಣಿಯ ಹೆಸರು, ಅದು ಮಾಡುತ್ತಿದ್ದುದೇನು, ಹಿಂಡಿನಲ್ಲಿ ಎಷ್ಟಿದ್ದವು ಎಂಬುದನ್ನು ವಿದ್ಯಾರ್ಥಿಯ ಕೈಯಿಂದಲೇ ಬರೆಸಬೇಕು. ಗೂಡಿನಲ್ಲಿರುವ ಹಕ್ಕಿಯ ಚಿತ್ರವನ್ನು ತೆಗೆಯಿಸದಿರುವುದೇ ಮೇಲು. ಗೂಡಿನ ಬಳಿ ಜನ ಸುಳಿದಾಡಿದರೆ ತಾಯಿಹಕ್ಕಿ ದೂರ ಉಳಿಯುತ್ತದೆ, ಮೊಟ್ಟೆಮರಿಗಳು ಬಿಸಿಲಿಗೂ ಕಾಗೆಗೂ ಒಡ್ಡಿಕೊಳ್ಳುತ್ತವೆ. ಅಪರೂಪದ ಪ್ರಾಣಿಯಾಗಿದ್ದರೆ ನಿಖರವಾದ ಸ್ಥಳವನ್ನು ವಹಿಯಲ್ಲಿ ಮಾತ್ರ ಬರೆದು, ಹೊರಗೆ ಕಳುಹಿಸುವ ಪ್ರತಿಯಿಂದ ತೆಗೆದುಹಾಕಬೇಕು. ಈಗಿನ ದೂರವಾಣಿ ಕ್ಯಾಮರಾಗಳು ಚಿತ್ರದೊಳಗೇ ಅಕ್ಷಾಂಶ ರೇಖಾಂಶಗಳನ್ನು ಅಡಗಿಸಿಡಬಲ್ಲವು ಎಂಬುದನ್ನು ಅನೇಕ ಅಧ್ಯಾಪಕರು ಅರಿಯರು.

ಕಚ್ಚಾ ಕಡತಕ್ಕೆ ಒಂದು ಕ್ರಮಸಂಖ್ಯೆ ಕೊಟ್ಟು ಅದನ್ನು ಮುಟ್ಟದೆ ಇರಿಸಿ, ತಿದ್ದುವ ಕೆಲಸವನ್ನೆಲ್ಲ ಪ್ರತಿಯ ಮೇಲೆ ಮಾಡಬೇಕು. ಎರಡು ಡಿಸ್ಕುಗಳಲ್ಲಿ ಸಂಗ್ರಹಿಸಿ, ಒಂದನ್ನು ಗ್ರಂಥಾಲಯದಲ್ಲಿ, ಇನ್ನೊಂದನ್ನು ಬೇರೊಂದು ಕಟ್ಟಡದಲ್ಲಿ ಇಡುವುದು ಒಳಿತು. ಪ್ರತಿವರ್ಷ ಜನವರಿಯಲ್ಲಿ ಅದೇ ಜಾಗದಲ್ಲಿ ನಿಂತು, ಅದೇ ದಿಕ್ಕಿಗೆ ಮುಖಮಾಡಿ ಒಂದು ಚಿತ್ರವನ್ನು ತೆಗೆಯುವ ರೂಢಿಯನ್ನು ಹಾಕಿಕೊಂಡರೆ, ಹತ್ತಿಪ್ಪತ್ತು ವರ್ಷಗಳಲ್ಲಿ ಆ ನೀಲಗಿರಿ ಸಾಲು ಬೆಳೆಯಿತೋ ಕಡಿಯಲ್ಪಟ್ಟಿತೋ, ಹುಲ್ಲು ಮರಳಿತೋ, ಜಿಂಕೆಗಳು ಹೆಚ್ಚಿದವೋ ಎಂಬುದನ್ನು ಶಾಲೆಯ ಕಪಾಟಿನಿಂದಲೇ ತೆಗೆದು ತೋರಿಸಬಹುದು. ವಹಿಯ ಕೊನೆಯ ಅಂಕಣಕ್ಕೆ ‘ತಿದ್ದಿದ್ದು ಏನು’ ಎಂಬ ತಲೆಬರಹವಿರಲಿ. ಏನನ್ನೂ ತಿದ್ದದಿದ್ದರೆ ಅಲ್ಲಿ ‘ಇಲ್ಲ’ ಎಂದು ಬರೆದು ವಿದ್ಯಾರ್ಥಿಯು ರುಜು ಹಾಕತಕ್ಕದ್ದು.